ಉಸಿರು ತೆಗೆದ ನಗು

ಮಗು ನಗತೊಡಗಿದರೆ ತನಗೆ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ ಎಂಬುದನ್ನು ಅವಳು ಆ ಬೆಳಿಗ್ಗೆ, ಬಚ್ಚಲ ಕನ್ನಡಿಯ ಮುಂದೆ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು, ಮೊದಲ ಸಲ ತನಗೆ ತಾನೇ ಒಪ್ಪಿಕೊಂಡಳು. ಬಾಯಲ್ಲಿ ನೊರೆ ಇದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಮಾತು ಹೊರಗೇ ಬಂದುಬಿಡುತ್ತಿತ್ತೇನೋ. ಯಾವ ತಾಯಿಗೆ ಹಾಗನ್ನಿಸುತ್ತದೆ? ನಗುವಿನಲ್ಲಿ ತಪ್ಪೇನೂ ಇರಲಿಲ್ಲ. ಕೆಳಗಿನ ಸೈಕಲ್ ಅಂಗಡಿಯವನು ಕೂಡ ಕೆಲಸ ಬಿಟ್ಟು ತಲೆಯೆತ್ತಿ ನೋಡುವಂಥ ನಗು ಅದು. ಅವಳಿಗೆ ಬೇಡವಾಗಿದ್ದದ್ದು ಆ ನಗುವಿನ ಬಾಲ ಹಿಡಿದು ಬರುವ ಏದುಸಿರು. ಒಂದು ನಗು ಮುಗಿದು ಇನ್ನೊಂದು ಹುಟ್ಟುವ ನಡುವಿನ ಚೂರು ಜಾಗದಲ್ಲಿ, ಯಾರೋ ಹಲಗೆಗೆ ಉಜ್ಜುಕಾಗದ ಹಾಕಿ ತಿಕ್ಕಿದ ಹಾಗೆ, ಹರಕ್ ಹರಕ್ ಎಂದು. ಉಳಿದವರಿಗೆ ನಗು ಕೇಳುತ್ತಿತ್ತು. ಅವಳಿಗೆ ನಡುವಿನದು ಮಾತ್ರ ಕೇಳುತ್ತಿತ್ತು. ಇದು ಕಿವಿಯ ದೋಷವೋ ಮನಸ್ಸಿನ ದೋಷವೋ ತಿಳಿಯದೆ ಅವಳು ಬಾಯಿ ಮುಕ್ಕಳಿಸಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ನಲ್ಲಿಯನ್ನು ಪೂರ್ತಿ ತಿರುಗಿಸಿ.

ಮುಂದಿನ ಕೋಣೆಯಲ್ಲಿ ಅತ್ತೆ ಆಗಲೇ ಆಟ ಶುರುಮಾಡಿದ್ದರು. "ರೈಲು ಬಂತು, ರೈಲು ಬಂತು! ದಾರಿ ಬಿಡ್ರಪ್ಪಾ, ಟಿಕೆಟ್ ಇಲ್ದೋರೆಲ್ಲಾ ಇಳೀರಿ!" ಎಂದು ನೆಲ ತಟ್ಟುತ್ತಿದ್ದರು. ಕೆಂಪು ಚೆಂಡೊಂದನ್ನು ಗೋಡೆಯ ತನಕ ಉರುಳಿಸುವುದು, ಮಗು ಅಂಬೆಗಾಲಿಟ್ಟು ಅದರ ಹಿಂದೆ ಓಡುವುದು, ಮುಟ್ಟುವಷ್ಟರಲ್ಲಿ ಅತ್ತೆ ಅದನ್ನು ಮತ್ತೆ ಈ ಕಡೆಗೆ ತಳ್ಳುವುದು. ಮನೆಗೆ ಯಾರು ಬಂದರೂ ಈ ಆಟ ಆಗಲೇಬೇಕು. ಮಗು ಹುಫ್ ಹುಫ್ ಎನ್ನುತ್ತ ಬರುವುದನ್ನು ನೋಡಿ ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ನಮ್ಮನೆ ರೈಲಿಗೆ ಕಲ್ಲಿದ್ದಲು ಬೇಡ, ಹೊಗೆ ಇಲ್ಲ, ಬರೀ ಅಜ್ಜಿ ಸಾಕು" ಎಂದು ಅತ್ತೆ ಹೆಮ್ಮೆಪಡುತ್ತಿದ್ದರು. ಮಗುವಿಗೆ ಒಳ್ಳೆಯ ಹೆಸರೊಂದು ಇತ್ತು. ಆದರೆ ಅದು ಲಸಿಕೆಯ ಕಾರ್ಡಿನಲ್ಲಿ ಮಾತ್ರ ಉಳಿದುಕೊಂಡು, ಮನೆಯಲ್ಲಿ, ಮೆಟ್ಟಿಲಲ್ಲಿ, ಬೀದಿಯಲ್ಲಿ ಅವನು ರೈಲು ಆಗಿಹೋಗಿದ್ದ. ಆ ಹೆಸರನ್ನು ಮೊದಲು ಬಾಯಿಗೆ ತಂದವಳು ತಾನೇ ಎನ್ನುವುದು ಉಳಿದವರಿಗೆ ಮರೆತುಹೋಗಿತ್ತು. ಅವಳಿಗೆ ಮರೆತಿರಲಿಲ್ಲ. ಅವನು ಮೊದಲ ಸಲ ತೆವಳಿಕೊಂಡು ಚಾಪೆ ದಾಟಿದ ದಿನ, ಬಟ್ಟೆ ಮಡಿಸುತ್ತಿದ್ದವಳು ಎಲ್ಲ ಚೆಲ್ಲಿ ಎದ್ದುನಿಂತು, "ರೀ, ಬನ್ರೀ ಇಲ್ಲಿ, ರೈಲು ಬಂದ ಹಾಗೆ ಬರ್ತಿದಾನೆ ನೋಡಿ!" ಎಂದು ಕೂಗಿದ್ದಳು. ಅಂದಿನ ಅವಳ ಖುಷಿಯೇ ಈಗ ದಿನಕ್ಕೆ ನೂರು ಸಲ ಎಲ್ಲರ ಬಾಯಿಂದ ಅವಳಿಗೆ ವಾಪಸು ಬರುತ್ತಿತ್ತು.

ಗಂಡ ಲಿಫ್ಟುಗಳನ್ನು ರಿಪೇರಿ ಮಾಡುವವನು. ಎತ್ತರದ ಕಟ್ಟಡಗಳ ತಲೆಯ ಮೇಲಿನ ಕತ್ತಲೆ ಕೋಣೆಯಲ್ಲಿ ಮೋಟಾರಿಗೆ ಕಿವಿ ಕೊಟ್ಟು ರೋಗ ಹೇಳಬಲ್ಲವನು. ಅವಳು ಮೊದಲ ಸಲ ಅಳುಕುತ್ತ ಮಗುವಿನ ಏದುಸಿರಿನ ಮಾತೆತ್ತಿದಾಗ ಅವನು ನಕ್ಕಿದ್ದ. "ಶಬ್ದ ಮಾಡೋ ಮೋಟಾರು ಒಳ್ಳೇದು ಕಣೇ. ಸದ್ದಿಲ್ದೆ ಓಡೋದು ಒಂದಿನ ಸದ್ದಿಲ್ದೇ ನಿಂತುಬಿಡುತ್ತೆ, ಅದಕ್ಕೆ ಹೆದರಬೇಕು." ಹಾಗೆ ಅಂದವನೇ ಒಂದು ಭಾನುವಾರ ಮಧ್ಯಾಹ್ನ, ಅವಳು ನಿದ್ದೆಹೋಗಿದ್ದಾಳೆಂದುಕೊಂಡು, ಮಲಗಿದ್ದ ಮಗುವಿನ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಹಾಗೇ ಬಗ್ಗಿದ್ದ. ಅವಳು ಕಣ್ಣು ಮುಚ್ಚಿಯೇ ಇದ್ದಳು. ಅವನು ಎದ್ದು ಹೋಗಿ ನೀರು ಕುಡಿದ ಶಬ್ದ, ಲೋಟ ಇಟ್ಟ ಶಬ್ದ ಕೇಳಿಸಿತು. ಇಬ್ಬರೂ ಒಂದೇ ಭಯವನ್ನು ಬೇರೆಬೇರೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಆಮೇಲೆ ಅವನೇ ಮಕ್ಕಳ ಡಾಕ್ಟರ ಹತ್ತಿರ ಇವತ್ತು ಸಂಜೆಗೆ ಸಮಯ ಕೇಳಿ ಬಂದಿದ್ದ, ಅವಳಿಗೆ ಉಪಕಾರ ಮಾಡಿದವನ ಹಾಗೆ. "ನಿನ್ನ ಸಮಾಧಾನಕ್ಕೆ ಅಷ್ಟೇ. ಅಲ್ಲಿ ಹೋದ್ರೆ ಇವನು ಮಹಾ ಸಾಧು ಥರ ಕೂತುಬಿಡ್ತಾನೆ, ಆಡೋವಾಗಲೇ ಫೋನಲ್ಲಿ ವಿಡಿಯೋ ಹಿಡ್ಕೊ" ಎಂದು ಹೇಳಿ ಚೀಲ ಹೆಗಲಿಗೇರಿಸಿ ಹೊರಟಿದ್ದ.

ಅವಳು ಹಿಡಿದಳು. ಫೋನು ಅಲುಗದ ಹಾಗೆ ಮೊಣಕೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು, ಚೆಂಡು, ಅಂಗೈಗಳ ಪಟಪಟ, ನಗು, ನಡುವೆ ಅದು. ಆಮೇಲೆ ಕೆಲಸಕ್ಕೆ ಹೊರಡುವ ಮುಂಚೆ ಹಾಲು ಕೊಡಲು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಅವನು ಆತುರದಿಂದ ಬಾಯಿ ಹಾಕಿದ. ಕೆಲವು ಗುಟುಕು, ಅಷ್ಟೇ. ಬಿಟ್ಟು, ಮುಖ ಅತ್ತ ತಿರುಗಿಸಿ, ಮೆಟ್ಟಿಲು ಹತ್ತಿ ಬಂದ ಮುದುಕನ ಹಾಗೆ ಬಾಯಿ ತೆರೆದು ಉಸಿರಾಡಿದ. ಮತ್ತೆ ಬಂದ. ಮತ್ತೆ ಬಿಟ್ಟ. ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ, ಸಾಸಿವೆಯಷ್ಟು ಬೆವರ ಹನಿಗಳು ಎದ್ದವು. ಹಸಿವಿನ್ನೂ ಇತ್ತು, ಅದು ಅವನ ಕಣ್ಣಲ್ಲಿ ಕಾಣುತ್ತಿತ್ತು. ಅಡುಗೆಮನೆಯಿಂದ ಅತ್ತೆ ಎಂದಿನ ಹಾಗೆ, "ಕುಡಿದ್ನೇನೇ?" ಎಂದರು. ಅವಳೂ ಎಂದಿನ ಹಾಗೆ, "ಹೂಂ ಅತ್ತೆ, ಹೊಟ್ಟೆ ತುಂಬ ಕುಡಿದ" ಎಂದು ಸೆರಗಿನ ತುದಿಯಿಂದ ಆ ಬೆವರನ್ನು ಒರೆಸಿದಳು. ಅತ್ತೆ ಅವಳಿಗೆ ಎಂದೂ ಏನೂ ಅಂದವರಲ್ಲ. ಅಂದಿದ್ದರೆ ಎದುರು ಮಾತಾಡಬಹುದಿತ್ತೋ ಏನೋ. ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿದ ಹೊಸತರಲ್ಲಿ, ಎದುರುಮನೆಯ ಸೊಸೆಯ ವಿಷಯ ಬಂದು, "ಹೊರಗೆ ದುಡಿಯೋಕೆ ಹೋಗೋ ಹೆಂಗಸರ ಎದೇಲಿ ಹಾಲೆಲ್ಲಿ ನಿಲ್ಲುತ್ತೆ, ಮಗು ಎಳೆದೆಳೆದು ಬೇಸತ್ತು ಬಿಟ್ಟುಬಿಡುತ್ತೆ ಪಾಪ" ಎಂದಿದ್ದರು. ತಟ್ಟೆಗೆ ಬಡಿಸುತ್ತ, ಅವಳ ಕಡೆ ನೋಡದೆ. ನೋಡದೇ ಇದ್ದದ್ದರಿಂದಲೇ ಅದು ತನಗೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಅಂದಿನಿಂದ ಮಗು ಬಿಟ್ಟಾಗಲೆಲ್ಲ ಅವಳು ಬಾಗಿಲ ಹಿಂದೆ ಇನ್ನಷ್ಟು ಹೊತ್ತು ಸುಮ್ಮನೆ ಕೂತಿದ್ದು, ಬೇಕಾದಷ್ಟು ಹೊತ್ತಾಯಿತು ಅನ್ನಿಸಿದ ಮೇಲೆ ಹೊರಗೆ ಬರುತ್ತಿದ್ದಳು. ಹಾಲು ಇತ್ತು. ಬಸ್ಸಿನಲ್ಲಿ ಎದೆ ಕಟ್ಟಿಕೊಂಡು ನೋಯುವಷ್ಟು ಇತ್ತು. ಆದರೆ ಇದೆ ಎಂದು ಯಾರಿಗೆ ತೋರಿಸುವುದು?

ಅವಳ ಕೆಲಸದ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಮೇಜಿನ ಮೇಲೆ ಎರಡು ಪರದೆ, ಕಿವಿ ಬಿಸಿಯಾಗುವಂಥ ದಪ್ಪ ಹೆಡ್‌ಫೋನು. ಕಣ್ಣು ಕಾಣದವರಿಗಾಗಿ, ಓದಲು ಪುರುಸೊತ್ತಿಲ್ಲದವರಿಗಾಗಿ ಇಲ್ಲಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದರು. ಓದುವವರ ತಪ್ಪು, ತೊದಲು, ಕೆಮ್ಮು, ಪುಟ ತಿರುಗಿಸಿದ ಸದ್ದು, ಇವನ್ನೆಲ್ಲ ತೆಗೆದು ಸಾಪು ಮಾಡುವುದು ಅವಳ ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ ಉಸಿರು. ಓದುವವರು ವಾಕ್ಯದಿಂದ ವಾಕ್ಯಕ್ಕೆ ಎಷ್ಟು ಉಸಿರೆಳೆಯುತ್ತಾರೆ ಎನ್ನುವುದು ಹೊರಗಿನವರಿಗೆ ಗೊತ್ತೇ ಇಲ್ಲ, ಯಾಕೆಂದರೆ ಅವಳಂಥವರು ಅದನ್ನು ಗೊತ್ತಾಗಗೊಡುವುದಿಲ್ಲ. ಪರದೆಯ ಮೇಲೆ ಮಾತುಗಳು ಗುಡ್ಡಗಳ ಹಾಗೆ ಎದ್ದು ಕಾಣುತ್ತವೆ. ಎರಡು ಗುಡ್ಡಗಳ ನಡುವೆ ಸಣ್ಣ ಕಂಬಳಿಹುಳದ ಹಾಗೆ ಮಲಗಿರುವುದು ಉಸಿರು. ಅವಳು ಸೇರಿದ ಹೊಸತರಲ್ಲಿ ಕಂಬಳಿಹುಳಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿ, ಭಾರಿ ಕೆಲಸ ಮಾಡಿದೆನೆಂದು ಹಿರಿಯ ಸಂಕಲನಕಾರನಿಗೆ ಕೇಳಿಸಿದ್ದಳು. ಅವನು ಹೆಡ್‌ಫೋನು ಕಳಚಿ, "ತಂಗೀ, ಇದೇನು, ಸತ್ತೋನು ಎದ್ದು ಕೂತು ಓದ್ತಿರೋ ಹಾಗಿದೆ?" ಎಂದಿದ್ದ. "ಪೂರ್ತಿ ತೆಗೀಬಾರದಮ್ಮಾ. ತಗ್ಗಿಸಬೇಕು. ಕೇಳೋನಿಗೆ ಗೊತ್ತಾಗಬಾರದು, ಆದ್ರೆ ಒಳಗೊಬ್ಬ ಬದುಕಿದಾನೆ ಅಂತ ಇರಬೇಕು." ಎಲ್ಲರೂ ನಕ್ಕಿದ್ದರು. ಅವಳು ಆ ನಗುವನ್ನು ಮನೆಗೆ ಹೊತ್ತುಕೊಂಡು ಹೋಗಿ ದಿಂಬಿನಲ್ಲಿ ಮುಖವಿಟ್ಟು ಮಲಗಿದ್ದಳು. ಆದರೆ ಆ ಪಾಠ ಕೈಗೆ ಹತ್ತಿತ್ತು. ಈಗ ಅವಳ ಕೈಗೆ ಕಣ್ಣಿನ ಅಗತ್ಯವೇ ಇರಲಿಲ್ಲ.

ಮಧ್ಯಾಹ್ನ ಉಳಿದವರು ಊಟಕ್ಕೆ ಎದ್ದಾಗ ಅವಳು ಫೋನಿನಲ್ಲಿದ್ದದ್ದನ್ನು ಯಂತ್ರಕ್ಕೆ ಹಾಕಿಕೊಂಡಳು. ಬೆಳಿಗ್ಗೆ ಫ್ಯಾನು ತಿರುಗುತ್ತಿತ್ತು, ಬಚ್ಚಲಲ್ಲಿ ತಾನೇ ಬಿಟ್ಟುಬಂದ ನಲ್ಲಿ ಸುರಿಯುತ್ತಿತ್ತು. ಅವನ್ನು ತಗ್ಗಿಸಿದರೆ ಡಾಕ್ಟರಿಗೆ ಉಸಿರು ಸ್ಪಷ್ಟವಾಗಿ ಕೇಳಿಸುತ್ತದೆ ಎನ್ನುವುದು ಅವಳ ಲೆಕ್ಕ. ಪರದೆಯ ಮೇಲೆ ಮಗನ ನಗು ಗುಡ್ಡಗುಡ್ಡವಾಗಿ ಮೂಡಿತು. ನಡುವೆ ಇದ್ದವು ಕಂಬಳಿಹುಳಗಳಲ್ಲ, ಅವು ಉದ್ದುದ್ದ, ಪೊದೆಪೊದೆ, ಒಂದನ್ನೊಂದು ತುಳಿದುಕೊಂಡು ಬರುತ್ತಿದ್ದವು. ವರ್ಷಗಟ್ಟಲೆ ಉಸಿರುಗಳನ್ನು ನೋಡಿದ್ದಳು. ನಾಟಕದವರದು, ಮೇಷ್ಟ್ರುಗಳದು, ನೆಗಡಿಯಾದವರದು, ಸಿಗರೇಟು ಸೇದುವವರದು. ಇಂಥದ್ದನ್ನು ನೋಡಿರಲಿಲ್ಲ. ಕಣ್ಣು ಸರಿಸಿದಳು. ಕೈ ಮಾತ್ರ ತನ್ನ ಪಾಡಿಗೆ ದಿನದ ದಾರಿ ಹಿಡಿದು ಹೋಯಿತು. ಹಿನ್ನೆಲೆಯ ಗುಂಯ್‌ಗುಡುವಿಕೆ ತೆಗೆದದ್ದು, ನೀರಿನ ಸದ್ದು ತೆಗೆದದ್ದು ನೆನಪಿದೆ. ಅದರಾಚೆಗೆ ಅವಳು ಏನು ಒತ್ತಿದಳು, ಎಷ್ಟು ಒತ್ತಿದಳು, ಅದು ಕೈಗೇ ಗೊತ್ತು. ಅಷ್ಟರಲ್ಲಿ ಬಾಗಿಲು ತೆರೆದು, ಎಲ್ಲರೂ ಕಂಚು ಎಂದು ಕರೆಯುವ, ನಿಜಕ್ಕೂ ಕಂಚಿನಂಥ ಗಂಟಲಿನ ಓದುಗ ತಲೆ ತೂರಿಸಿ, "ಏನಮ್ಮಾ, ಊಟ ಬಿಟ್ಟು ನನ್ನ ಕೆಮ್ಮು ಆರಿಸ್ತಿದೀಯಾ? ಆರಿಸಿದ್ದು ಚೀಲದಲ್ಲಿ ಕಟ್ಟಿಕೊಡು, ಮನೇಲಿ ಕೆಮ್ಮೋಕೆ ಬೇಕಾಗುತ್ತೆ" ಎಂದು ಗುಡುಗಿದ. ಅವಳು ಕದ್ದವಳ ಹಾಗೆ ಬೆಚ್ಚಿ, ಉಳಿಸಿ, ಫೋನಿಗೆ ಮರಳಿ ಹಾಕಿಕೊಂಡಳು. ಜಾಗವಿಲ್ಲ ಎಂದು ಫೋನು ಗೊಣಗಿದ್ದಕ್ಕೆ ಹಳೆಯದನ್ನು ಅಳಿಸಿದಳು. ಒಮ್ಮೆ ಕೇಳಿ ನೋಡಬೇಕಿತ್ತು. ಯಾವ ಕೆಲಸವನ್ನೂ ಮುಗಿಸಿದ ಮೇಲೆ ಕೇಳದೆ ಮುಂದೆ ಕಳಿಸಿದವಳಲ್ಲ ಅವಳು.

ಡಾಕ್ಟರ ಕೋಣೆಯಲ್ಲಿ ಗೋಡೆಗೆ ಜಿರಾಫೆಯ ಚಿತ್ರ ಅಂಟಿಸಿದ್ದರು, ಮಕ್ಕಳ ಎತ್ತರ ನೋಡಲಿಕ್ಕೆ. ಯಾವುದೋ ಮಗು ಅದರ ಕಣ್ಣನ್ನು ಕೆರೆದು ಕಿತ್ತಿತ್ತು. ಡಾಕ್ಟರು ಅವಳಿಗಿಂತ ಸ್ವಲ್ಪವೇ ದೊಡ್ಡವಳಾದ ಹೆಂಗಸು. ದಣಿದ ಕಣ್ಣು, ಮೆತ್ತನೆ ಮಾತು. ಗಂಡ ಹೇಳಿದ್ದಂತೆಯೇ ಮಗು ಅಜ್ಜಿಯ ತೊಡೆಯ ಮೇಲೆ ಸಾಧುವಾಗಿ ಕೂತಿತ್ತು. ಎದೆಗೆ ತಣ್ಣನೆ ಬಿಲ್ಲೆ ತಾಗಿದ್ದೇ ತಡ, ಸಾಧುತನವೆಲ್ಲ ಹೋಗಿ ಕೋಣೆ ಹಾರಿಹೋಗುವಂತೆ ಅತ್ತಿತು. "ಅಳೋ ಮಕ್ಕಳ ಎದೇಲಿ ಅಳು ಮಾತ್ರ ಕೇಳಿಸೋದು" ಎಂದು ಡಾಕ್ಟರು ನಕ್ಕು ಬಿಲ್ಲೆ ತೆಗೆದರು. "ಆಡೋವಾಗ ಏದುಸಿರು ಅಂದ್ರಿ. ಸಾಮಾನ್ಯವಾಗಿ ಇರುತ್ತೆ. ಈ ವಯಸ್ಸಲ್ಲಿ ಖುಷಿಗೆ ಹಾಗೆ ಮಾಡೋದುಂಟು." ಗಂಡ ಅವಳ ಕಡೆ ತಿರುಗಿ, "ಹಿಡಿದಿದೀಯಲ್ಲ, ತೋರಿಸು" ಎಂದ.

ಅವಳು ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು. ಕೆಂಪು ಚೆಂಡು ಉರುಳಿತು. ಅತ್ತೆಯ ದನಿ, "ರೈಲು ಬಂತು, ರೈಲು ಬಂತು." ಅಂಗೈಗಳ ಪಟಪಟ. ಮಗನ ನಗು. ಆಮೇಲೆ, ಏನೂ ಇಲ್ಲ. ಮತ್ತೆ ನಗು. ಮತ್ತೆ ಏನೂ ಇಲ್ಲ. ಹತ್ತಿ ತುಂಬಿದ ಹಾಗೆ, ತೊಳೆದು ಒರೆಸಿಟ್ಟ ಹಾಗೆ, ನುಣ್ಣನೆಯ ಖಾಲಿ. ಪರದೆಯಲ್ಲಿ ಮಗನ ಬಾಯಿ ತೆರೆದಿತ್ತು, ಪುಟ್ಟ ಪಕ್ಕೆಗಳು ಅಂಗಿಯೊಳಗೆ ಎದ್ದುಬಿದ್ದು ಎಳೆಯುತ್ತಿದ್ದವು, ಆದರೆ ನೋಡುವವರು ನೋಡುತ್ತಿದ್ದದ್ದು ಚೆಂಡನ್ನು. "ಅಬ್ಬಾ, ಎಂಥಾ ನಗು!" ಎಂದರು ಡಾಕ್ಟರು. ಅತ್ತೆ ತಮ್ಮ ದನಿ ಕೇಳಿ ನಾಚಿ ಬಾಯಿಗೆ ಕೈ ಅಡ್ಡ ಹಿಡಿದರು. ಅವಳಿಗೆ ಮಾತ್ರ ಆ ಖಾಲಿಯ ಗುರುತು ಸಿಕ್ಕಿತು. ಯಾರ ಕೈಬರಹ ಯಾರಿಗೆ ಗೊತ್ತಾಗುವುದಿಲ್ಲ? ಸತ್ತೋನು ಎದ್ದು ಕೂತ ಹಾಗಿದೆ, ತಂಗೀ. ತಗ್ಗಿಸಿರಲಿಲ್ಲ. ಒಂದನ್ನೂ ಬಿಡದೆ, ಸೇರಿದ ಹೊಸತರ ಹಾಗೆ, ಪೂರ್ತಿ ತೆಗೆದಿದ್ದಳು. ಕೈಯ ಅಭ್ಯಾಸವೆಂದು ಹೇಳಿಕೊಳ್ಳುವಂತೆಯೂ ಇರಲಿಲ್ಲ. ಅಭ್ಯಾಸವಾಗಿದ್ದರೆ ಚೂರು ಉಳಿಯಬೇಕಿತ್ತು.

"ಶಬ್ದ ಸರಿಯಾಗಿ..." ಎಂದಳು. ಡಾಕ್ಟರು ಆಗಲೇ ಪೆನ್ನೆತ್ತಿಕೊಂಡು, "ಹಾಲು, ಊಟ ಎಲ್ಲ ಹೇಗೆ? ಕುಡಿಯೋವಾಗ ಸುಸ್ತಾಗೋದು, ಬೆವರೋದು, ನಡುವೆ ಬಿಡೋದು, ಹಾಗೇನಾದರೂ?" ಎಂದು ಕೇಳುತ್ತಿದ್ದರು. ಅತ್ತೆ ಮಗುವಿನ ಅಂಗಿ ಸರಿಮಾಡುತ್ತ, "ಹಾಲಿಗೇನೂ ಕಮ್ಮಿ ಇಲ್ಲ ಡಾಕ್ಟ್ರಮ್ಮಾ" ಎಂದರು. "ನಮ್ಮ ಸೊಸೆ ಕೆಲಸಕ್ಕೆ ಹೋದ್ರೂ ಅದೊಂದರಲ್ಲಿ ತಪ್ಪಿಲ್ಲ ನೋಡಿ. ದಿನಾ ನಾನೇ ಕೇಳ್ತೀನಲ್ಲ, ಹೊಟ್ಟೆ ತುಂಬ ಕುಡಿದ ಅಂತಾಳೆ. ನಮ್ಮ ಎದುರುಮನೆಯವರಿಗೆಲ್ಲಾ ಇವಳನ್ನೇ ತೋರಿಸ್ತೀನಿ." ಆ ಮಾತಿನಲ್ಲಿ ಕೊಂಕಿರಲಿಲ್ಲ. ಹೆಮ್ಮೆಯಿತ್ತು. ಅದು ಕೊಂಕಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ಹೌದೇನಮ್ಮಾ?" ಎಂದು ಡಾಕ್ಟರು ಕೇಳಿದಾಗ ಅವಳ ತಲೆ ತಾನಾಗಿ ಆಡಿತು. ಹೂಂ ಎನ್ನುವ ಕಡೆಗೇ ಆಡಿತು. ಡಾಕ್ಟರು ಒಂದು ಕ್ಷಣ ಅವಳನ್ನೇ ನೋಡಿ, ಟಾನಿಕ್ಕೊಂದು ಬರೆದು, "ಏನಾದರೂ ಅನ್ನಿಸಿದ್ರೆ ಬನ್ನಿ" ಎಂದರು.

ಹೊರಗೆ ಆಸ್ಪತ್ರೆಯ ಉದ್ದ ಓಣಿಯಲ್ಲಿ ಎಲ್ಲರ ಮುಖವೂ ಬಿಚ್ಚಿಕೊಂಡಿತು. ಗಂಡ ಗೋಡೆಗೆ ಒರಗಿ ಒಮ್ಮೆ ಜೋರಾಗಿ ಉಸಿರು ಬಿಟ್ಟು, ಕಣ್ಣಿಗೆ ಧೂಳು ಬಿತ್ತೆನ್ನುವ ಹಾಗೆ ಅಂಗಿಯ ತೋಳಿನಿಂದ ಒರೆಸಿಕೊಂಡ. "ನೋಡಿದ್ಯಾ? ಸುಮ್ನೆ ನೀನೂ ಹೆದರಿ ನಮ್ಮನ್ನೂ ಹೆದರಿಸಿದೆ" ಎಂದ. ದನಿ ಮಾತ್ರ ಬೈಯುವವನದಾಗಿರಲಿಲ್ಲ. ಇಷ್ಟು ದಿನ ಅವನೂ ಎಷ್ಟು ಭಯ ಹೊತ್ತಿದ್ದ ಎಂದು ಅದರಲ್ಲೇ ಕಂಡಿತು. ಅತ್ತೆ ಮಗುವನ್ನು ನುಣುಪು ನೆಲಕ್ಕೆ ಬಿಟ್ಟು, ಬೆಂಚಿನಲ್ಲಿ ಕೂತಿದ್ದವರಿಗೆ, "ನಮ್ಮನೆ ರೈಲು ಇದು, ಈಗ ನೋಡಿ" ಎಂದು ಬೀಗದ ಕೈಗೊಂಚಲನ್ನು ಜಾರಿಸಿದರು. ಮಗು ಓಡಿತು. ಹುಫ್ ಹುಫ್ ಎಂದಿತು. ಅಪರಿಚಿತರು ನಕ್ಕರು, ಚಪ್ಪಾಳೆ ತಟ್ಟಿದರು. ಓಣಿಯ ಗೋಡೆಗೆ ಸ್ಪಂಜು ಇರಲಿಲ್ಲ, ಉಸಿರು ಬೇಕಾದಲ್ಲೆಲ್ಲ ಬಡಿದು ವಾಪಸು ಬಂದು ಅವಳನ್ನು ಹುಡುಕಿತು. ಗೊಂಚಲು ಮುಟ್ಟುವ ಮೊದಲೇ ಅವನು ನಿಂತ. ಅಂಗೈ ಊರಿ, ತಲೆ ತಗ್ಗಿಸಿ, ಸುಮ್ಮನೆ ಕೂತ. ಆಮೇಲೆ ಹಸಿವಿನ ರಾಗ ತೆಗೆದ.

ಕಂಬದ ಹಿಂದೆ ತಾಯಂದಿರಿಗೆಂದು ಪರದೆ ಕಟ್ಟಿದ್ದ ಮೂಲೆಗೆ ಅವಳು ಅವನನ್ನು ಎತ್ತಿಕೊಂಡು ಹೋದಳು. ಅವನು ಬಾಯಿ ಹಾಕಿದ. ಕುಡಿದ. ಬಿಟ್ಟ. ಉಸಿರೆಳೆದ. ಕಟ್ಟಿಕೊಂಡಿದ್ದ ಹಾಲು ಅವನು ಬಿಟ್ಟ ಮೇಲೂ ತನ್ನಷ್ಟಕ್ಕೆ ಇಳಿದು ಅವನ ಕೆನ್ನೆಯ ಮೇಲೆ ಸುರಿಯಿತು. ಅದನ್ನು ಕುಡಿಯಬೇಕೆಂದು ಅವನ ತುಟಿ ಹುಡುಕುತ್ತಿತ್ತು, ಅವನದೇ ಎದೆ ಬೇಡವೆನ್ನುತ್ತಿತ್ತು. ಹಣೆಯ ಮೇಲೆ ಹನಿಗಳೆದ್ದವು. ಸೆರಗಿನ ತುದಿ ಅವಳ ಕೈಗೆ ತಾನಾಗಿ ಬಂದಿತ್ತು. ಪರದೆಯ ಆಚೆಯಿಂದ ಅತ್ತೆ, "ಕುಡಿದ್ನೇನೇ?" ಎಂದರು.

ಅವಳು ಒರೆಸಲಿಲ್ಲ. ರವಿಕೆಯ ಗುಂಡಿ ಸಿಕ್ಕಷ್ಟು ಹಾಕಿಕೊಂಡು, ಅವನನ್ನು ಹಾಗೇ, ಹಾಲು ಬೆವರು ಸಮೇತ, ಭುಜಕ್ಕೇರಿಸಿ ಪರದೆ ಸರಿಸಿದಳು. "ಎಲ್ಲಿಗೇ?" ಎಂದ ಗಂಡ. ಡಾಕ್ಟರ ಬಾಗಿಲಲ್ಲಿ ಕೂತಿದ್ದ ಹೆಂಗಸು ಕೈ ಅಡ್ಡ ಹಾಕಿ, "ನಿಮ್ಮದು ಆಯ್ತಲ್ಲಮ್ಮಾ, ಒಳಗೆ ಬೇರೆಯವರಿದಾರೆ" ಎಂದಳು. ಯಾರಾದರೂ ಜೋರಾಗಿ ಮಾತಾಡಿದರೆ ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದುಬಿಡುವವಳು, ಆ ಕೈಯ ಕೆಳಗಿಂದ ಬಗ್ಗಿ ಒಳಗೆ ಹೋದಳು. ಒಳಗೆ ಇನ್ನೊಬ್ಬ ತಾಯಿ, ಇನ್ನೊಂದು ಮಗು, ಕಣ್ಣಿಲ್ಲದ ಜಿರಾಫೆ. ಡಾಕ್ಟರು ತಲೆಯೆತ್ತಿದರು. ಹಿಂದೆ ಗಂಡನ ಬೂಟಿನ ಸದ್ದು, ಅತ್ತೆಯ ಬಳೆಯ ಸದ್ದು ಬಂದು ಬಾಗಿಲಲ್ಲಿ ನಿಂತವು. ಅತ್ತೆ ಕೇಳಿಸಿಕೊಳ್ಳುತ್ತಾರೆ ಎಂದು ಗೊತ್ತಿತ್ತು. ಅವಳು ಉಸಿರೆಳೆದುಕೊಂಡಳು, ಅದು ಕೋಣೆಗೆಲ್ಲ ಕೇಳಿಸಿತು.

"ಇವನು ಹೊಟ್ಟೆ ತುಂಬ ಕುಡಿಯಲ್ಲ ಡಾಕ್ಟ್ರೇ. ಹಾಲಿದೆ. ಕುಡಿಯೋಕೆ ಇವನ ಕೈಲಾಗಲ್ಲ."